ನರವಾಹಕ ಗ್ರಾಹಕಗಳ ಕೊಬ್ಬಿನಾಮ್ಲ ಮಾರ್ಪಾಡು

ನರವಾಹಕ ಗ್ರಾಹಕಗಳ ಕೊಬ್ಬಿನಾಮ್ಲ ಮಾರ್ಪಾಡು ಎಂದರೆ ಗ್ಲುಟಮೇಟ್, ಅಸಿಟೈಲ್‌ಕೋಲಿನ್, ಸೆರೊಟೋನಿನ್, ಡೋಪಮಿನ್, ಗಾಬಾ ಮುಂತಾದ ನರವಾಹಕಗಳನ್ನು ಗುರುತಿಸುವ ಪೊರೆ ಪ್ರೋಟೀನುಗಳಿಗೆ ಕೊಬ್ಬಿನಾಮ್ಲದ ಸರಪಳಿ ಸಹವೇಲೆನ್ಸ್ ಬಂಧದಿಂದ ಜೋಡಣೆಯಾಗುವ ಜೀವರಾಸಾಯನಿಕ ಕ್ರಿಯೆ. ಪ್ರೋಟೀನಿನ ಅಮೈನೊ ಆಮ್ಲ ಸರಪಳಿ ರೂಪುಗೊಂಡ ಬಳಿಕ ನಡೆಯುವ ಅನುವಾದೋತ್ತರ ಮಾರ್ಪಾಡುಗಳಲ್ಲಿ ಇದೂ ಒಂದು. ಹೆಚ್ಚಿನ ಸಂದರ್ಭಗಳಲ್ಲಿ ಜೋಡಣೆಯಾಗುವುದು ಪಾಲ್ಮಿಟಿಕ್ ಆಮ್ಲ. ಅದು ಕೂರುವ ಜಾಗ ಸಿಸ್ಟೀನ್ ಎಂಬ ಅಮೈನೊ ಆಮ್ಲ. ಗ್ರಾಹಕವು ಜೀವಕೋಶದೊಳಗೆ ಎಲ್ಲಿಗೆ ಸಾಗಬೇಕು, ಪೊರೆಯ ಮೇಲೆ ಎಷ್ಟು ಹೊತ್ತು ಉಳಿಯಬೇಕು, ಯಾವ ಪ್ರೋಟೀನಿನ ಜೊತೆ ಸೇರಬೇಕು ಎಂಬುದನ್ನು ಈ ಮಾರ್ಪಾಡು ನಿಯಂತ್ರಿಸುತ್ತದೆ. ಈ ಬಗ್ಗೆ ಇಂದು ತಿಳಿದಿರುವುದರ ಬಹುಭಾಗ ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದ ಜೀವಕೋಶಗಳಿಂದ ಬಂದದ್ದು.

ವ್ಯಾಪ್ತಿ ಮತ್ತು ಪದಬಳಕೆ

ಪ್ರೋಟೀನಿಗೆ ಕೊಬ್ಬಿನಾಮ್ಲ ಸೇರುವ ಬಗೆಗಳಲ್ಲಿ ಮುಖ್ಯವಾದವು ಎರಡು. ಹದಿನಾಲ್ಕು ಇಂಗಾಲದ ಮಿರಿಸ್ಟಿಕ್ ಆಮ್ಲವು ಪ್ರೋಟೀನಿನ ಅಮೈನೊ ತುದಿಯ ಗ್ಲೈಸೀನಿಗೆ ಅಮೈಡ್ ಬಂಧದಿಂದ ಸೇರುವುದು ಮಿರಿಸ್ಟಾಯ್ಲೀಕರಣ. ಈ ಬಂಧ ಸಾಮಾನ್ಯವಾಗಿ ಪ್ರೋಟೀನಿನ ಆಯುಷ್ಯ ಮುಗಿಯುವ ತನಕ ಕಳಚುವುದಿಲ್ಲ. ಹದಿನಾರು ಇಂಗಾಲದ ಪಾಲ್ಮಿಟಿಕ್ ಆಮ್ಲವು ಸಿಸ್ಟೀನಿನ ಗಂಧಕ ಪರಮಾಣುವಿಗೆ ಥಯೋಎಸ್ಟರ್ ಬಂಧದಿಂದ ಸೇರುವುದು ಪಾಲ್ಮಿಟಾಯ್ಲೀಕರಣ. ಈ ಬಂಧವನ್ನು ಜೀವಕೋಶ ಕಟ್ಟಬಲ್ಲದು, ಬಿಚ್ಚಬಲ್ಲದು, ಮತ್ತೆ ಕಟ್ಟಬಲ್ಲದು. ಸಿಸ್ಟೀನಿಗೆ ಪಾಲ್ಮಿಟಿಕ್ ಅಲ್ಲದೆ ಸ್ಟಿಯರಿಕ್ ಮೊದಲಾದ ಬೇರೆ ಕೊಬ್ಬಿನಾಮ್ಲಗಳೂ ಸೇರುವುದರಿಂದ ನಿಖರತೆ ಬೇಕಾದೆಡೆ ಎಸ್-ಅಸೈಲೀಕರಣ ಎಂಬ ವಿಶಾಲ ಪದವನ್ನು ಬಳಸುತ್ತಾರೆ. ಐಸೊಪ್ರಿನಾಯ್ಡ್ ಸರಪಳಿ ಸೇರುವ ಪ್ರೀನೈಲೀಕರಣವೂ ಪ್ರೋಟೀನಿಗೆ ಲಿಪಿಡ್ ಅಂಟುವ ಕ್ರಿಯೆಯೇ ಆದರೂ ಅಲ್ಲಿ ಅಂಟುವುದು ಕೊಬ್ಬಿನಾಮ್ಲವಲ್ಲ. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ನರವಾಹಕ ಗ್ರಾಹಕಗಳ ಮಟ್ಟಿಗೆ ಹೇಳುವುದಾದರೆ ಲೆಕ್ಕಕ್ಕೆ ಬರುವುದು ಪಾಲ್ಮಿಟಾಯ್ಲೀಕರಣವೇ. ಮಿರಿಸ್ಟಾಯ್ಲೀಕರಣ ಕಾಣುವುದು ಗ್ರಾಹಕಗಳ ಸಂದೇಶವನ್ನು ಕೋಶದೊಳಗೆ ದಾಟಿಸುವ ಕೆಲವು ಜಿ-ಪ್ರೋಟೀನುಗಳ ಆಲ್ಫಾ ಘಟಕಗಳಲ್ಲಿ.

ಅನ್ವೇಷಣೆಯ ಹಿನ್ನೆಲೆ

ಪೊರೆ ಪ್ರೋಟೀನಿಗೆ ಕೊಬ್ಬಿನಾಮ್ಲ ಸಹವೇಲೆನ್ಸ್ ಬಂಧದಿಂದ ಅಂಟಿರುತ್ತದೆ ಎಂಬುದು ವೈರಸ್ ಸೋಂಕಿತ ಜೀವಕೋಶಗಳಲ್ಲಿ ಸ್ಪಷ್ಟವಾಯಿತು. ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್ಸಿನ ಗ್ಲೈಕೊಪ್ರೋಟೀನಿನಲ್ಲಿ ಇಂಥ ಕೊಬ್ಬಿನಾಮ್ಲವಿದೆ ಎಂದು ಮೈಕೆಲ್ ಶ್ಮಿಟ್ ಮತ್ತು ಮಿಲ್ಟನ್ ಶ್ಲೆಸಿಂಗರ್ 1979ರಲ್ಲಿ ತೋರಿಸಿದರು. 1984ರಲ್ಲಿ ದನದ ಕಣ್ಣಿನ ರೊಡಾಪ್ಸಿನ್ ಪ್ರೋಟೀನಿಗೆ ಪಾಲ್ಮಿಟಿಕ್ ಆಮ್ಲ ಸೇರುವುದು ವರದಿಯಾಯಿತು. ರೊಡಾಪ್ಸಿನ್ ನರವಾಹಕದ ಗ್ರಾಹಕವಲ್ಲ, ಬೆಳಕಿನ ಗ್ರಾಹಕ. ಆದರೆ ಅಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ಗ್ರಾಹಕಗಳೆಲ್ಲ ಅದರದೇ ಬಳಗದವು. ರೊಡಾಪ್ಸಿನ್ನಿನ 322 ಮತ್ತು 323ನೇ ಸ್ಥಾನದ ಅಕ್ಕಪಕ್ಕದ ಎರಡು ಸಿಸ್ಟೀನುಗಳು ಪಾಲ್ಮಿಟಿಕ್ ಆಮ್ಲವನ್ನು ಹೊತ್ತಿರುವುದು 1988ರಲ್ಲಿ ಖಚಿತವಾಯಿತು.

ನರವಾಹಕ ಗ್ರಾಹಕದಲ್ಲಿ ಕೊಬ್ಬಿನಾಮ್ಲ ಕಂಡದ್ದೂ ಅದೇ 1984ರಲ್ಲಿ. ಎರಿಕ್ ಓಲ್ಸನ್, ಲೂಯಿಸ್ ಗ್ಲೇಸರ್ ಮತ್ತು ಜಾನ್ ಮರ್ಲಿ ಅವರು ಬಿಸಿ3ಎಚ್1 ಎಂಬ ಕೋಶವಂಶವನ್ನು ಬಳಸಿದರು. ಇಲಿಯ ಮಿದುಳು ಗೆಡ್ಡೆಯಿಂದ ಪಡೆದರೂ ಸ್ನಾಯುಕೋಶದ ಲಕ್ಷಣಗಳನ್ನು ತೋರುವ ಈ ಕೋಶಗಳು ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ತಾವಾಗಿಯೇ ತಯಾರಿಸುತ್ತವೆ. ಆ ಗ್ರಾಹಕದ ಆಲ್ಫಾ ಮತ್ತು ಬೀಟಾ ಉಪಘಟಕಗಳಲ್ಲಿ ಸಹವೇಲೆನ್ಸ್ ಬಂಧದ ಲಿಪಿಡ್ ಇರುವುದನ್ನು ಅವರು ತೋರಿಸಿದರು.

ಐದು ವರ್ಷಗಳ ಬಳಿಕ, 1989ರಲ್ಲಿ, ಬ್ರಯನ್ ಓಡೌಡ್, ಮಾರ್ಕ್ ಕ್ಯಾರನ್, ರಾಬರ್ಟ್ ಲೆಫ್‌ಕೊವಿಟ್ಜ್, ಮಿಷೆಲ್ ಬೂವಿಯೆ ಮತ್ತು ಸಂಗಡಿಗರು ಮಾನವ ಬೀಟಾ-2 ಅಡ್ರಿನರ್ಜಿಕ್ ಗ್ರಾಹಕದಲ್ಲಿ 341ನೇ ಸಿಸ್ಟೀನ್ ಪಾಲ್ಮಿಟಾಯ್ಲೀಕರಣದ ತಾಣವೆಂದು ಗುರುತಿಸಿದರು. ಆ ಸಿಸ್ಟೀನಿನ ಜಾಗದಲ್ಲಿ ಗ್ಲೈಸೀನ್ ಇಟ್ಟಾಗ ಕೊಬ್ಬಿನಾಮ್ಲ ಸೇರಲಿಲ್ಲ, ಜಿ-ಪ್ರೋಟೀನಿನ ಜೊತೆಗಿನ ಸಂಪರ್ಕವೂ ಕುಗ್ಗಿತು. ಕೊಬ್ಬಿನಾಮ್ಲದ ಇರವನ್ನು ಹೇಳುವುದರಿಂದ ಅದರ ಕೆಲಸವನ್ನು ಪರೀಕ್ಷಿಸುವುದರ ಕಡೆಗೆ ಸಂಶೋಧನೆ ಹೊರಳಿದ್ದು ಈ ಪ್ರಯೋಗದಿಂದ. ಮುಂದಿನ ಮೂರು ದಶಕಗಳ ಬಹುತೇಕ ಅಧ್ಯಯನಗಳು ಇದೇ ಮಾದರಿಯನ್ನು ಹಿಡಿದವು.

ರಾಸಾಯನಿಕ ರಚನೆ

ಪಾಲ್ಮಿಟಿಕ್ ಆಮ್ಲ ಜೀವಕೋಶದಲ್ಲಿ ಪಾಲ್ಮಿಟಾಯ್ಲ್-ಕೋಎನ್‌ಜೈಮ್ ಎ ರೂಪದಲ್ಲಿ ಸಿದ್ಧವಾಗಿರುತ್ತದೆ. ಅಲ್ಲಿಂದ ಅಸೈಲ್ ಭಾಗ ಸಿಸ್ಟೀನಿನ ಗಂಧಕಕ್ಕೆ ವರ್ಗವಾಗುತ್ತದೆ. ಪ್ರತಿ ಜೋಡಣೆಯಿಂದ ಪ್ರೋಟೀನಿನ ರಾಶಿ ಸುಮಾರು 238 ಡಾಲ್ಟನ್ ಹೆಚ್ಚುತ್ತದೆ. ಐವತ್ತು ಸಾವಿರ ಡಾಲ್ಟನ್‌ಗೂ ಮೀರಿದ ಗ್ರಾಹಕದಲ್ಲಿ ಇದು ಜೆಲ್ ಮೇಲೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಲ್ಲ. ಈ ಮಾರ್ಪಾಡನ್ನು ಪತ್ತೆಮಾಡಲು ವಿಶೇಷ ವಿಧಾನಗಳು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಮಾರ್ಪಾಡಾಗುವ ಸಿಸ್ಟೀನುಗಳು ಗ್ರಾಹಕದ ಕೋಶದ್ರವ್ಯದ ಕಡೆಯ ಭಾಗದಲ್ಲಿರುತ್ತವೆ, ಹೆಚ್ಚಾಗಿ ಪೊರೆಯ ಒಳಮೈಗೆ ಹತ್ತಿರದಲ್ಲಿ. ಸುತ್ತಲಿನ ಅಮೈನೊ ಆಮ್ಲಗಳಲ್ಲಿ ಕಟ್ಟುನಿಟ್ಟಾದ ಗುರುತಿನ ಕ್ರಮವಿಲ್ಲ. ಸರಣಿಯನ್ನು ನೋಡಿದ ಮಾತ್ರಕ್ಕೆ ಯಾವ ಸಿಸ್ಟೀನ್ ಮಾರ್ಪಾಡಾಗುತ್ತದೆಂದು ಖಚಿತವಾಗಿ ಹೇಳಲಾಗದು. ಪ್ರತಿ ಗ್ರಾಹಕದಲ್ಲೂ ಪ್ರಯೋಗದಿಂದಲೇ ತಿಳಿಯಬೇಕು. ಜಿ-ಪ್ರೋಟೀನ್ ಜೋಡಿತ ಗ್ರಾಹಕಗಳಲ್ಲಿ ಈ ತಾಣ ಏಳನೆಯ ಪೊರೆದಾಟು ಸುರುಳಿಯ ಆಚೆಗೆ, ಪೊರೆಗೆ ಸಮಾನಾಂತರವಾಗಿ ಮಲಗಿರುವ ಎಂಟನೆಯ ಸಣ್ಣ ಸುರುಳಿಯ ಕೊನೆಯಲ್ಲಿ ಬರುವುದು ವಾಡಿಕೆ. ಅಲ್ಲಿನ ಕೊಬ್ಬಿನ ಸರಪಳಿ ಪೊರೆಯ ಲಿಪಿಡ್ ಪದರದೊಳಗೆ ಇಳಿದಾಗ ಗ್ರಾಹಕದ ಕಾರ್ಬಾಕ್ಸಿಲ್ ತುದಿಯಲ್ಲಿ ಹೆಚ್ಚುವರಿ ಕುಣಿಕೆಯೊಂದು ಏರ್ಪಡುತ್ತದೆ. ಅಯಾನು ವಾಹಿನಿಯಾಗಿರುವ ಗ್ರಾಹಕಗಳಲ್ಲಿ ತಾಣಗಳು ಪೊರೆದಾಟು ಭಾಗದ ಅಂಚಿನಲ್ಲಿ, ಒಳಗಿನ ದೊಡ್ಡ ಕುಣಿಕೆಯಲ್ಲಿ ಅಥವಾ ಕಾರ್ಬಾಕ್ಸಿಲ್ ಬಾಲದಲ್ಲಿ ಸಿಗುತ್ತವೆ.

ಕಿಣ್ವಗಳು

ಪಾಲ್ಮಿಟಿಕ್ ಆಮ್ಲವನ್ನು ಅಂಟಿಸುವ ಕಿಣ್ವಗಳಿಗಾಗಿ ಹುಡುಕಾಟ ಬಹಳ ಕಾಲ ನಡೆಯಿತು. ಕಿಣ್ವವಿಲ್ಲದೆ ತಾನಾಗಿಯೇ ನಡೆಯುವ ಕ್ರಿಯೆ ಇದಾಗಿರಬಹುದೇ ಎಂಬ ಚರ್ಚೆಯೂ ಇತ್ತು. 2002ರಲ್ಲಿ ಯೀಸ್ಟಿನ ಎರ್ಫ್2-ಎರ್ಫ್4 ಜೋಡಿ ಮತ್ತು ಎಕೆಆರ್1 ಎಂಬ ಕಿಣ್ವಗಳು ಪತ್ತೆಯಾದಾಗ ಆ ಚರ್ಚೆ ಬಹುಮಟ್ಟಿಗೆ ತೀರ್ಮಾನವಾಯಿತು. ಈ ಕಿಣ್ವಗಳಲ್ಲಿ ಆಸ್ಪಾರ್ಟೇಟ್, ಹಿಸ್ಟಿಡೀನ್, ಹಿಸ್ಟಿಡೀನ್, ಸಿಸ್ಟೀನ್ ಎಂಬ ನಾಲ್ಕು ಅಮೈನೊ ಆಮ್ಲಗಳ ಸಾಲು ಸಾಮಾನ್ಯ. ಅದರಿಂದಲೇ ಡಿಎಚ್‌ಎಚ್‌ಸಿ ಕಿಣ್ವಗಳೆಂಬ ಹೆಸರು. ಮಾನವರಲ್ಲಿ ಇಂಥವು 23 ಇವೆ. ಕ್ರಿಯೆ ಎರಡು ಹಂತದ್ದು: ಮೊದಲು ಕಿಣ್ವದ ಸಿಸ್ಟೀನ್ ಪಾಲ್ಮಿಟಿಕ್ ಸರಪಳಿಯನ್ನು ತಾನೇ ಹೊತ್ತುಕೊಳ್ಳುತ್ತದೆ, ಆಮೇಲೆ ಅದನ್ನು ಗುರಿ ಪ್ರೋಟೀನಿಗೆ ದಾಟಿಸುತ್ತದೆ.

ಯಾವ ಕಿಣ್ವ ಯಾವ ಪ್ರೋಟೀನಿಗೆ ಎಂಬುದನ್ನು ಕಂಡುಹಿಡಿಯುವ ದಾರಿಯನ್ನು 2004ರಲ್ಲಿ ಫುಕಾಟಾ ತಂಡ ಹಾಕಿಕೊಟ್ಟಿತು. ನರಸಂಧಿಯಲ್ಲಿ ಗ್ಲುಟಮೇಟ್ ಗ್ರಾಹಕಗಳಿಗೆ ಆಸರೆಯಾಗಿರುವ ಪಿಎಸ್‌ಡಿ-95 ಪ್ರೋಟೀನನ್ನು ಎಚ್‌ಇಕೆ293 ಕೋಶಗಳಲ್ಲಿ ಒಂದೊಂದೇ ಡಿಎಚ್‌ಎಚ್‌ಸಿ ಕಿಣ್ವದ ಜೊತೆ ತಯಾರಾಗುವಂತೆ ಮಾಡಿ, ಯಾವ ಜೋಡಿಯಲ್ಲಿ ವಿಕಿರಣಶೀಲ ಪಾಲ್ಮಿಟೇಟ್ ಹೆಚ್ಚು ಅಂಟುತ್ತದೆಂದು ಅವರು ನೋಡಿದರು. ಗ್ರಾಹಕಗಳ ವಿಚಾರದಲ್ಲಿ ಮತ್ತೆ ಮತ್ತೆ ಎದುರಾಗುವ ಕಿಣ್ವ ಡಿಎಚ್‌ಎಚ್‌ಸಿ3. ಗಾಲ್ಗಿ ಸಂಕೀರ್ಣದಲ್ಲಿ ನೆಲೆಸಿರುವ ಇದಕ್ಕೆ ಗಾಡ್ಜ್ ಎಂಬ ಹೆಸರೂ ಇದೆ. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನಿರ್ಬಾಣ ಬ್ಯಾನರ್ಜಿ ತಂಡ ಮಾನವ ಡಿಎಚ್‌ಎಚ್‌ಸಿ20ರ ಸ್ಫಟಿಕ ರಚನೆಯನ್ನು ಪ್ರಕಟಿಸಿತು. ಕೊಬ್ಬಿನ ಸರಪಳಿ ಕೂರುವ ಪೊಳ್ಳು ಅದರ ಪೊರೆದಾಟು ಸುರುಳಿಗಳ ನಡುವೆಯೇ ಇರುವುದು ಅದರಲ್ಲಿ ಕಂಡಿತು.

ಸರಪಳಿಯನ್ನು ಬಿಡಿಸುವ ಕಿಣ್ವಗಳಲ್ಲಿ ಎಪಿಟಿ1, ಎಪಿಟಿ2 ಮತ್ತು ಎಬಿಎಚ್‌ಡಿ17 ಬಳಗದವು ಕೋಶದ್ರವ್ಯದ ಕಡೆ ಕೆಲಸ ಮಾಡುತ್ತವೆ. ಪಿಪಿಟಿ1 ಮುಖ್ಯವಾಗಿ ಲೈಸೊಸೋಮಿನದು.

ಕೋಶಕೃಷಿಯ ಪಾತ್ರ

ಮಿದುಳಿನ ಅಂಗಾಂಶದಲ್ಲಿ ಯಾವುದೇ ಒಂದು ಗ್ರಾಹಕದ ಪ್ರಮಾಣ ಬಹಳ ಕಡಿಮೆ, ಜೊತೆಗೆ ಅದರ ಹತ್ತಾರು ಸೋದರ ಗ್ರಾಹಕಗಳೂ ಬೆರೆತಿರುತ್ತವೆ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಸಂಶೋಧಕರು ತಮಗೆ ಬೇಕಾದ ಗ್ರಾಹಕವನ್ನು ಮಾತ್ರ, ಬೇಕಾದ ಉತ್ಪರಿವರ್ತನೆಯೊಂದಿಗೆ, ಹೇರಳವಾಗಿ ಪಡೆಯಬಹುದು.

ಬಳಕೆಯಲ್ಲಿರುವ ಕೋಶಗಳು ಮೂರು ತೆರ. ಮೊದಲನೆಯದು ನರಮಂಡಲಕ್ಕೆ ಸಂಬಂಧವಿಲ್ಲದ ಸ್ತನಿ ಕೋಶವಂಶಗಳು: ಮಾನವ ಭ್ರೂಣದ ಮೂತ್ರಪಿಂಡದಿಂದ 1973ರಲ್ಲಿ ರೂಪುಗೊಂಡ ಎಚ್‌ಇಕೆ293, ಚೀನಾ ಹ್ಯಾಮ್‌ಸ್ಟರಿನ ಅಂಡಾಶಯದ ಸಿಎಚ್‌ಒ, ಇಲಿಯ ಎನ್‌ಐಎಚ್-3ಟಿ3 ಮುಂತಾದವು. ಎರಡನೆಯದು ಸ್ಪೊಡಾಪ್ಟೆರಾ ಫ್ರುಗಿಪರ್ಡಾ ಪತಂಗದ ಅಂಡಾಶಯದಿಂದ ಬಂದ ಎಸ್‌ಎಫ್9, ಎಸ್‌ಎಫ್21 ಕೋಶಗಳು. ಈ ಪತಂಗ ಕರ್ನಾಟಕದ ಮೆಕ್ಕೆಜೋಳದ ಹೊಲಗಳಿಗೆ 2018ರಲ್ಲಿ ಲಗ್ಗೆಯಿಟ್ಟ ಸೈನಿಕ ಹುಳುವಿನ ಜಾತಿಯೇ. ಬ್ಯಾಕ್ಯುಲೊವೈರಸ್ ಮೂಲಕ ಜೀನನ್ನು ಸೇರಿಸಿದರೆ ಈ ಕೀಟಕೋಶಗಳು ಗ್ರಾಹಕವನ್ನು ಯಥೇಚ್ಛವಾಗಿ ತಯಾರಿಸುತ್ತವೆ. ಮೂರನೆಯದು ನರಗುಣವುಳ್ಳ ಕೋಶಗಳು: ಇಲಿಯ ಅಡ್ರಿನಲ್ ಗೆಡ್ಡೆಯಿಂದ 1976ರಲ್ಲಿ ಪಡೆದ ಪಿಸಿ12 ಮತ್ತು ಹಿಪೊಕ್ಯಾಂಪಸ್ ಅಥವಾ ಕಾರ್ಟೆಕ್ಸಿನಿಂದ ನೇರವಾಗಿ ತೆಗೆದು ಬೆಳೆಸಿದ ನರಕೋಶಗಳು.

ಒಂದೇ ಗ್ರಾಹಕ ಬೇರೆ ಬೇರೆ ಕೋಶದಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ. ಡಿಎಚ್‌ಎಚ್‌ಸಿ ಕಿಣ್ವಗಳ ಪಟ್ಟಿ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಗ್ರಾಹಕವನ್ನು ಸಹಜ ಪ್ರಮಾಣಕ್ಕಿಂತ ಬಹಳ ಹೆಚ್ಚು ತಯಾರಿಸಿದಾಗ ಕಿಣ್ವ ಅದಕ್ಕೆ ಸಾಕಾಗದೆ ಹೋಗಬಹುದು; ಕಿಣ್ವವನ್ನೇ ಹೆಚ್ಚು ತಯಾರಿಸಿದರೆ ಸಹಜವಾಗಿ ಮಾರ್ಪಾಡಾಗದ ಸಿಸ್ಟೀನಿಗೂ ಕೊಬ್ಬು ಅಂಟಬಹುದು. ಆದ್ದರಿಂದ ಎಚ್‌ಇಕೆ293ರಲ್ಲಿ ಕಂಡದ್ದನ್ನು ಬೆಳೆಸಿದ ನರಕೋಶದಲ್ಲಿ, ಸಾಧ್ಯವಾದರೆ ಮಿದುಳಿನ ಅಂಗಾಂಶದಲ್ಲಿ, ಮತ್ತೊಮ್ಮೆ ತೋರಿಸಿದ ಅಧ್ಯಯನಗಳಿಗೆ ಈ ಕ್ಷೇತ್ರದಲ್ಲಿ ಹೆಚ್ಚಿನ ಬೆಲೆ.

ಪತ್ತೆಹಚ್ಚುವ ವಿಧಾನಗಳು

ಮೂಲ ವಿಧಾನ ವಿಕಿರಣಶೀಲ ಪಾಲ್ಮಿಟೇಟಿನಿಂದ ಗುರುತು ಹಾಕುವುದು. ಟ್ರೈಟಿಯಂ ಇರುವ ಪಾಲ್ಮಿಟಿಕ್ ಆಮ್ಲ ಸಾಮಾನ್ಯವಾಗಿ ಎಥೆನಾಲಿನಲ್ಲಿ ಕರಗಿ ಬರುತ್ತದೆ. ಅದನ್ನು ಒಣಗಿಸಿ, ಕೋಶಕ್ಕೆ ಹಾನಿಯಾಗದಷ್ಟು ಕಡಿಮೆ ದ್ರಾವಕದಲ್ಲಿ ಮತ್ತೆ ಕರಗಿಸಿ, ಕೊಬ್ಬಿನಾಮ್ಲರಹಿತ ಆಲ್ಬುಮಿನ್ ಸೇರಿದ ಪೋಷಕ ದ್ರವಕ್ಕೆ ಬೆರೆಸುತ್ತಾರೆ. ಸೀರಮ್ಮಿನಲ್ಲಿ ಅದರದೇ ಕೊಬ್ಬಿನಾಮ್ಲಗಳಿರುವುದರಿಂದ ಈ ಹಂತದಲ್ಲಿ ಸೀರಮ್ಮನ್ನು ತೆಗೆಯುತ್ತಾರೆ ಅಥವಾ ತಗ್ಗಿಸುತ್ತಾರೆ. ಕೋಶವು ಪಾಲ್ಮಿಟೇಟನ್ನು ಒಡೆದು ಅದರ ಟ್ರೈಟಿಯಮ್ಮನ್ನು ಅಮೈನೊ ಆಮ್ಲಗಳಿಗೆ ಸಾಗಿಸದಿರಲೆಂದು ಸೋಡಿಯಂ ಪೈರುವೇಟ್ ಸೇರಿಸುವುದುಂಟು. ಕೆಲವು ಗಂಟೆಗಳ ಬಳಿಕ ಕೋಶಗಳನ್ನು ಡಿಟರ್ಜೆಂಟಿನಲ್ಲಿ ಕರಗಿಸಿ, ಪ್ರತಿಕಾಯದಿಂದ ಗ್ರಾಹಕವನ್ನು ಮಾತ್ರ ಬೇರ್ಪಡಿಸಿ, ಜೆಲ್ ಮೇಲೆ ಓಡಿಸುತ್ತಾರೆ. ಇಲ್ಲಿ ಎಚ್ಚರ ತಪ್ಪುವಂತಿಲ್ಲ: ಪ್ರೋಟೀನ್ ಜೆಲ್‌ಗೆ ಮಾದರಿ ಸಿದ್ಧಮಾಡುವಾಗ ವಾಡಿಕೆಯಂತೆ ಮರ್‌ಕ್ಯಾಪ್ಟೊಎಥೆನಾಲ್ ಅಥವಾ ಡೈಥಯೋಥ್ರೈಟಾಲ್ ಹಾಕಿ ಕುದಿಸಿದರೆ ಥಯೋಎಸ್ಟರ್ ಬಂಧವೇ ಕಡಿದುಹೋಗಿ ನೋಡಬೇಕಾದದ್ದು ಮಾಯವಾಗುತ್ತದೆ. ಆಮೇಲೆ ಜೆಲ್ಲನ್ನು ಮಿನುಗುವಸ್ತುವಿನಲ್ಲಿ ನೆನೆಸಿ, ಒಣಗಿಸಿ, ಎಕ್ಸ್-ರೇ ಫಿಲ್ಮಿಗೆ ತಾಗಿಸಿ ಶೈತ್ಯದಲ್ಲಿಡುತ್ತಾರೆ. ಟ್ರೈಟಿಯಮ್ಮಿನ ಬೀಟಾ ಕಣಗಳು ಬಹಳ ದುರ್ಬಲವಾದ್ದರಿಂದ ಫಿಲ್ಮ್ ಮೇಲೆ ಪಟ್ಟೆ ಮೂಡಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಪಟ್ಟೆ ಮೂಡಿದರೆ ಸಾಲದು. ಅದು ಥಯೋಎಸ್ಟರ್ ಬಂಧವೆಂದು ಸಾಬೀತುಪಡಿಸಲು ತಟಸ್ಥ ಪಿಎಚ್‌ನಲ್ಲಿ ಹೈಡ್ರಾಕ್ಸಿಲಮೀನ್ ಹಾಕಿ ನೋಡುತ್ತಾರೆ. ಥಯೋಎಸ್ಟರ್ ಆಗಿದ್ದರೆ ಗುರುತು ಕಳಚುತ್ತದೆ. ಅಮೈಡ್ ಬಂಧ ಉಳಿಯುತ್ತದೆ. ಕಳಚಿದ ವಸ್ತು ಪಾಲ್ಮಿಟೇಟಾಗಿಯೇ ಉಳಿದಿದೆಯೇ ಎಂದು ದ್ರವ ವರ್ಣರೇಖನದಿಂದ ಪರೀಕ್ಷಿಸುತ್ತಾರೆ. ಕೊನೆಯದಾಗಿ, ಸಂದೇಹವಿರುವ ಸಿಸ್ಟೀನನ್ನು ಅಲನೀನ್ ಅಥವಾ ಸೆರೀನಿಗೆ ಬದಲಿಸಿದಾಗ ಗುರುತು ಹೋಗಬೇಕು.

2004ರ ಸುಮಾರಿಗೆ ರೆನಾಲ್ಡೊ ಡ್ರಿಸ್‌ಡೆಲ್ ಮತ್ತು ವಿಲಿಯಂ ಗ್ರೀನ್ ಬಳಕೆಗೆ ತಂದ ಅಸೈಲ್-ಬಯೋಟಿನ್ ವಿನಿಮಯ ವಿಧಾನ ವಿಕಿರಣದ ಅಗತ್ಯವನ್ನು ತಪ್ಪಿಸಿತು. ಮೊದಲು ಖಾಲಿಯಿರುವ ಸಿಸ್ಟೀನುಗಳನ್ನೆಲ್ಲ ಎನ್-ಎಥೈಲ್‌ಮಲಿಮೈಡಿನಿಂದ ಮುಚ್ಚಿ, ಹೈಡ್ರಾಕ್ಸಿಲಮೀನಿನಿಂದ ಕೊಬ್ಬಿನಾಮ್ಲವನ್ನು ಕಳಚಿ, ಹಾಗೆ ತೆರೆದುಕೊಂಡ ಸಿಸ್ಟೀನಿಗೆ ಬಯೋಟಿನ್ ಅಂಟಿಸುವುದು ಇದರ ಕ್ರಮ. ಅಂಗಾಂಶಕ್ಕೂ ಇದು ಒಗ್ಗುತ್ತದೆ. ಆದರೆ ಅಂಟಿದ್ದ ಕೊಬ್ಬಿನಾಮ್ಲ ಯಾವುದು ಎಂದು ಇದು ಹೇಳುವುದಿಲ್ಲ. 2009ರಿಂದ ಆಲ್ಕೈನ್ ಗುಂಪುಳ್ಳ ಕೊಬ್ಬಿನಾಮ್ಲವನ್ನು ಜೀವಂತ ಕೋಶಕ್ಕೆ ಉಣಿಸಿ, ಕ್ಲಿಕ್ ರಸಾಯನಕ್ರಿಯೆಯಿಂದ ಅದಕ್ಕೆ ಹೊಳೆಯುವ ಅಣುವನ್ನು ಕೊಂಡಿ ಹಾಕುವ ವಿಧಾನ ಪ್ರಚಾರಕ್ಕೆ ಬಂತು.

ಎರಡು ಬಗೆಯ ವಿಧಾನಗಳು ಅಳೆಯುವುದು ಒಂದೇ ಸಂಗತಿಯನ್ನಲ್ಲ. ಬಯೋಟಿನ್ ವಿನಿಮಯವು ಆ ಕ್ಷಣದಲ್ಲಿ ಎಷ್ಟು ಸಿಸ್ಟೀನುಗಳಲ್ಲಿ ಕೊಬ್ಬು ಇದೆ ಎಂಬುದನ್ನು ಹೇಳುತ್ತದೆ. ವಿಕಿರಣಶೀಲ ಅಥವಾ ಆಲ್ಕೈನ್ ಗುರುತು ಹೇಳುವುದು ಆ ಕೆಲವು ಗಂಟೆಗಳಲ್ಲಿ ಹೊಸದಾಗಿ ಅಂಟಿದ್ದೆಷ್ಟು ಎಂಬುದನ್ನು. ಗ್ರಾಹಕವನ್ನು ಚುರುಕುಗೊಳಿಸುವ ಉತ್ತೇಜಕ ಹಾಕಿದಾಗ ಗುರುತು ಹೆಚ್ಚಾಯಿತೆಂದರೆ ಗ್ರಾಹಕದಲ್ಲಿ ಕೊಬ್ಬು ಹೆಚ್ಚಾಯಿತೆಂದೇ ಅರ್ಥವಲ್ಲ. ಹಳೆಯದು ಬೇಗ ಕಳಚಿ ಹೊಸದು ಬೇಗ ಕೂತಿರಲೂಬಹುದು. ಹಳೆಯ ಪ್ರಬಂಧಗಳನ್ನು ಓದುವಾಗ ಈ ಭೇದವನ್ನು ನೆನಪಿನಲ್ಲಿಡಬೇಕು.

ಜಿ-ಪ್ರೋಟೀನ್ ಜೋಡಿತ ಗ್ರಾಹಕಗಳು

ಬೀಟಾ-2 ಅಡ್ರಿನರ್ಜಿಕ್ ಗ್ರಾಹಕದ 341ನೇ ಸಿಸ್ಟೀನಿನ ಕಥೆ 1989ಕ್ಕೆ ಮುಗಿಯಲಿಲ್ಲ. ಕೊಬ್ಬಿಲ್ಲದ ಗ್ರಾಹಕ ಉತ್ತೇಜಕವಿಲ್ಲದೆಯೂ ಅತಿಯಾಗಿ ಫಾಸ್ಫಾರಿಲೀಕರಣಗೊಂಡಿರುತ್ತದೆ, ಅಂದರೆ ಅದಕ್ಕೆ ಫಾಸ್ಫೇಟ್ ಗುಂಪುಗಳು ಅಂಟಿರುತ್ತವೆ, ಎಂದು 1993ರಲ್ಲಿ ತಿಳಿಯಿತು. ಕೊಬ್ಬಿನ ಸರಪಳಿ ಇಲ್ಲದಾಗ ಪಕ್ಕದ ಸೆರೀನುಗಳು ಪ್ರೋಟೀನ್ ಕೈನೇಸ್ ಎ ಕಿಣ್ವಕ್ಕೆ ಸಿಕ್ಕಿಬೀಳುತ್ತವೆ. ಆ ಸೆರೀನುಗಳನ್ನೂ ಬದಲಿಸಿದಾಗ ಜಿ-ಪ್ರೋಟೀನ್ ಸಂಪರ್ಕ ಮರಳಿತು. ಹಾಗಾಗಿ ಮೊದಲ ಪ್ರಯೋಗದಲ್ಲಿ ಕಂಡ ಸಂಪರ್ಕನಷ್ಟಕ್ಕೆ ಕೊಬ್ಬಿನ ಕೊರತೆ ಪರೋಕ್ಷ ಕಾರಣ; ನೇರ ಕಾರಣ ಫಾಸ್ಫೇಟ್.

ಇದನ್ನು ಇಡೀ ಬಳಗಕ್ಕೆ ಅನ್ವಯಿಸಲು ಬರುವುದಿಲ್ಲ. ಮಾನವ ಡೋಪಮಿನ್ ಡಿ1 ಗ್ರಾಹಕದ ಪಾಲ್ಮಿಟಾಯ್ಲೀಕರಣ ತಾಣಗಳನ್ನು ತೆಗೆದುಹಾಕಿದರೂ ಜಿ-ಪ್ರೋಟೀನ್ ಸಂಪರ್ಕಕ್ಕೆ ಧಕ್ಕೆಯಾಗಲಿಲ್ಲ ಎಂದು 1997ರಲ್ಲಿ ವರದಿಯಾಯಿತು. ಆಲ್ಫಾ-2ಎ ಅಡ್ರಿನರ್ಜಿಕ್ ಗ್ರಾಹಕದಲ್ಲೂ ಸಂಪರ್ಕ ಉಳಿಯಿತು.

ಸೆರೊಟೋನಿನ್ ಗ್ರಾಹಕಗಳಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಎವ್ಗೆನಿ ಪೊನಿಮಾಸ್ಕಿನ್ ತಂಡದ ಅಧ್ಯಯನಗಳ ಪ್ರಕಾರ 5-ಎಚ್‌ಟಿ4ಎ ಗ್ರಾಹಕದಲ್ಲಿ ಪಾಲ್ಮಿಟೇಟ್ ಚಲನಶೀಲ. ಉತ್ತೇಜಕ ಬಂದಾಗ ಅದರ ಬದಲಾವಣೆಯ ವೇಗ ಏರುತ್ತದೆ. 5-ಎಚ್‌ಟಿ1ಎ ಗ್ರಾಹಕದಲ್ಲಿ 417 ಮತ್ತು 420ನೇ ಸಿಸ್ಟೀನುಗಳಿಗೆ ಅಂಟಿದ ಪಾಲ್ಮಿಟೇಟ್ ಸ್ಥಿರ. ಉತ್ತೇಜಕದಿಂದ ಅದು ಬದಲಾಗುವುದಿಲ್ಲ. ಪ್ರೋಟೀನ್ ತಯಾರಿಕೆಯನ್ನು ಸೈಕ್ಲೊಹೆಕ್ಸಿಮೈಡಿನಿಂದ ತಡೆದರೆ ಗುರುತು ಗಣನೀಯವಾಗಿ ಇಳಿಯುತ್ತದೆ, ಅಂದರೆ ಗ್ರಾಹಕ ಹುಟ್ಟಿದ ಸ್ವಲ್ಪದರಲ್ಲೇ ಕೊಬ್ಬು ಅಂಟುತ್ತದೆ. ಆ ಕೊಬ್ಬಿಲ್ಲದೆ ಜಿಐ ಎಂಬ ಜಿ-ಪ್ರೋಟೀನಿಗೆ ಸಂದೇಶ ತಲುಪುವುದಿಲ್ಲ. ಈ ಗ್ರಾಹಕ ಪೊರೆಯ ಲಿಪಿಡ್ ಪರಿಸರಕ್ಕೆ ಎಷ್ಟು ಬದ್ಧವಾಗಿದೆ ಎಂಬುದನ್ನು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ಅವರ ತಂಡ ಕೊಲೆಸ್ಟರಾಲಿನ ದಿಕ್ಕಿನಿಂದ ವಿಸ್ತಾರವಾಗಿ ಅಧ್ಯಯನ ಮಾಡಿದೆ. ಅಲ್ಲಿಯೂ ಸಿಎಚ್‌ಒ ಕೋಶಗಳೇ ಮುಖ್ಯ ಸಾಧನ.

ಗ್ರಾಹಕದ ಆಚೆಗಿನ ಜಿ-ಪ್ರೋಟೀನಿನಲ್ಲೂ ಇದೇ ಚಲನೆ ಇದೆ. ಜಿಎಸ್ ಎಂಬ ಜಿ-ಪ್ರೋಟೀನಿನ ಆಲ್ಫಾ ಘಟಕದ ಪಾಲ್ಮಿಟೇಟಿನ ಅರ್ಧಾಯುಷ್ಯ ಸಾಮಾನ್ಯ ಸ್ಥಿತಿಯಲ್ಲಿ ಸುಮಾರು 90 ನಿಮಿಷ. ಬೀಟಾ ಗ್ರಾಹಕವನ್ನು ಉತ್ತೇಜಿಸಿದಾಗ ಸುಮಾರು 2 ನಿಮಿಷಕ್ಕೆ ಇಳಿಯುತ್ತದೆ ಎಂದು 1994ರಲ್ಲಿ ಕೋಶಕೃಷಿಯಲ್ಲಿ ಅಳೆಯಲಾಯಿತು.

ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಕಗಳು

ನರಕೋಶದ ಆಲ್ಫಾ-7 ಗ್ರಾಹಕ ಸಂಶೋಧಕರನ್ನು ಬಹುಕಾಲ ಕಾಡಿದ ಪ್ರೋಟೀನ್. ಅದರ ಜೀನನ್ನು ಎಚ್‌ಇಕೆ ಕೋಶಗಳಿಗೆ ಸೇರಿಸಿದರೆ ಉಪಘಟಕಗಳು ತಯಾರಾಗುತ್ತವೆ, ಆದರೆ ಹಾವಿನ ವಿಷದ ಆಲ್ಫಾ-ಬಂಗರೊಟಾಕ್ಸಿನ್ ಅಂಟುವಂಥ ಕೆಲಸದ ಗ್ರಾಹಕ ರೂಪುಗೊಳ್ಳುವುದಿಲ್ಲ. ಪಿಸಿ12 ಕೋಶಗಳಲ್ಲಿ ರೂಪುಗೊಳ್ಳುತ್ತದೆ. ಡ್ರಿಸ್‌ಡೆಲ್, ಮಂಜಾನಾ ಮತ್ತು ಗ್ರೀನ್ 2004ರಲ್ಲಿ ಈ ಎರಡು ಕೋಶಗಳನ್ನು ಹೋಲಿಸಿದರು. ಪಿಸಿ12ರಲ್ಲಿ ಪ್ರತಿ ಉಪಘಟಕಕ್ಕೆ ಸರಿಸುಮಾರು ಒಂದು ಪಾಲ್ಮಿಟೇಟ್ ಇತ್ತು. ಎಚ್‌ಇಕೆ ಕೋಶದಲ್ಲಿ ಗಣನೀಯ ಪ್ರಮಾಣದಲ್ಲಿ ಇರಲಿಲ್ಲ. ಪಿಸಿ12ರಲ್ಲಿ ಪಾಲ್ಮಿಟಾಯ್ಲೀಕರಣವನ್ನು ತಡೆದಾಗ ವಿಷ ಅಂಟುವ ಗ್ರಾಹಕವೂ ಇಲ್ಲವಾಯಿತು. ಆಲ್ಫಾ-7ರ ಮುಂಭಾಗವನ್ನು ಸೆರೊಟೋನಿನ್ 5-ಎಚ್‌ಟಿ3ಎ ಗ್ರಾಹಕದ ಹಿಂಭಾಗಕ್ಕೆ ಬೆಸೆದ ಮಿಶ್ರ ಪ್ರೋಟೀನ್ ಎಚ್‌ಇಕೆ ಕೋಶದಲ್ಲೂ ಸರಿಯಾಗಿ ಜೋಡಣೆಗೊಂಡಿತು ಮತ್ತು ಪಿಸಿ12ರಷ್ಟೇ ಪಾಲ್ಮಿಟೇಟನ್ನು ಹೊತ್ತಿತ್ತು. ಎಂಡೋಪ್ಲಾಸ್ಮಿಕ್ ಜಾಲದಲ್ಲಿ, ಐದು ಉಪಘಟಕಗಳು ಕೂಡಿಕೊಳ್ಳುವ ಹೊತ್ತಿನಲ್ಲೇ ಕೊಬ್ಬು ಸೇರುತ್ತದೆ ಎಂಬುದು ಅವರ ನಿರ್ಣಯ. 2016ರಲ್ಲಿ ನ್ಯಾಚೊ ಎಂಬ ಸಹಾಯಕ ಪ್ರೋಟೀನ್ ಪತ್ತೆಯಾಯಿತು. ಅದನ್ನು ಜೊತೆಗೆ ಸೇರಿಸಿದರೆ ಎಚ್‌ಇಕೆ ಕೋಶಗಳೂ ಕೆಲಸದ ಆಲ್ಫಾ-7 ತಯಾರಿಸುತ್ತವೆ.

ಗ್ಲುಟಮೇಟ್ ಗ್ರಾಹಕಗಳು

ಅತ್ಯಂತ ಪೂರ್ಣವಾಗಿ ಅಧ್ಯಯನಕ್ಕೊಳಗಾದ ಗುಂಪು ಇದು. 1995ರಲ್ಲಿ ಪಿಕರಿಂಗ್, ಟವರ್ನಾ, ಸಾಲ್ಟರ್ ಮತ್ತು ರಿಚರ್ಡ್ ಹ್ಯುಗನಿರ್ ಅವರು ಎರಡು ಗ್ಲುಟಮೇಟ್ ಗ್ರಾಹಕಗಳನ್ನು ಕೀಟಕೋಶ ಮತ್ತು ಎಚ್‌ಇಕೆ ಕೋಶಗಳಲ್ಲಿ ಪರೀಕ್ಷಿಸಿದರು: ಜಿ-ಪ್ರೋಟೀನ್ ಜೋಡಿತ ಎಂಗ್ಲೂಆರ್1-ಆಲ್ಫಾ ಮತ್ತು ಅಯಾನು ವಾಹಿನಿಯಾದ ಗ್ಲೂಆರ್6 ಎಂಬ ಕೈನೇಟ್ ಗ್ರಾಹಕ. ಮೊದಲನೆಯದಕ್ಕೆ ವಿಕಿರಣಶೀಲ ಪಾಲ್ಮಿಟೇಟ್ ಅಂಟಲಿಲ್ಲ, ಎರಡನೆಯದಕ್ಕೆ ಅಂಟಿತು. ಉತ್ಪರಿವರ್ತನೆಯಿಂದ ತಾಣಗಳು 827 ಮತ್ತು 840ನೇ ಸಿಸ್ಟೀನುಗಳೆಂದು ತಿಳಿಯಿತು. ಗ್ಲೂಕೆ2 ಎಂಬ ಈಗಿನ ಹೆಸರಿನಡಿ, ಸಂಕೇತ ಭಾಗವನ್ನೂ ಸೇರಿಸಿ ಎಣಿಸುವ ಕ್ರಮದಲ್ಲಿ, ಇವೇ 858 ಮತ್ತು 871.

ಎರಡೂ ಸಿಸ್ಟೀನುಗಳನ್ನು ಅಲನೀನಿಗೆ ಬದಲಿಸಿದ ಗ್ರಾಹಕದ ಮೂಲಕ ಕೈನೇಟ್ ಹರಿಸಿದ ವಿದ್ಯುತ್ ಪ್ರವಾಹ ಸಹಜ ಗ್ರಾಹಕದ ಪ್ರವಾಹದಂತೆಯೇ ಇತ್ತು. ವಾಹಿನಿಯ ಬಾಗಿಲು ತೆರೆಯುವುದಕ್ಕೂ ಮುಚ್ಚುವುದಕ್ಕೂ ಕೊಬ್ಬು ಬೇಕಿಲ್ಲ. ಆದರೆ ಪ್ರೋಟೀನ್ ಕೈನೇಸ್ ಸಿ ಕಿಣ್ವಕ್ಕೆ ಕೊಬ್ಬಿಲ್ಲದ ಗ್ರಾಹಕವೇ ಹೆಚ್ಚು ಒಗ್ಗುವ ಗುರಿಯಾಯಿತು. ಬೀಟಾ-2 ಗ್ರಾಹಕದಲ್ಲಿ ಎರಡು ವರ್ಷಗಳ ಹಿಂದೆ ಕಂಡ ಕೊಬ್ಬು ಮತ್ತು ಫಾಸ್ಫೇಟುಗಳ ಪೈಪೋಟಿ, ರಚನೆಯಲ್ಲಿ ಯಾವ ಹೋಲಿಕೆಯೂ ಇಲ್ಲದ ಗ್ರಾಹಕದಲ್ಲೂ ಕಂಡದ್ದು ಈ ಪ್ರಯೋಗದ ಮಹತ್ವ.

ಗ್ಲುಟಮೇಟಿನ ಇನ್ನೊಂದು ಅಯಾನು ವಾಹಿನಿ ಬಗೆಯಾದ ಆಂಪಾ ಗ್ರಾಹಕಗಳ ನಾಲ್ಕೂ ಉಪಘಟಕಗಳಲ್ಲಿ ಎರಡೆರಡು ತಾಣಗಳಿವೆ ಎಂದು ತಕಾಶಿ ಹಯಾಶಿ, ರಂಬಾ ಮತ್ತು ಹ್ಯುಗನಿರ್ 2005ರಲ್ಲಿ ತೋರಿಸಿದರು. ಆ ಉಪಘಟಕಗಳಲ್ಲೊಂದಾದ ಗ್ಲೂಎ1ರಲ್ಲಿ ಅವು 585 ಮತ್ತು 811ನೇ ಸಿಸ್ಟೀನುಗಳು. ಎರಡನೆಯ ಪೊರೆ ಭಾಗದ 585ಕ್ಕೆ ಗಾಡ್ಜ್ ಕಿಣ್ವ ಕೊಬ್ಬು ಅಂಟಿಸಿದಾಗ ಗ್ರಾಹಕ ಗಾಲ್ಗಿಯಲ್ಲಿ ಶೇಖರವಾಗಿ ಪೊರೆಯ ಮೇಲಿನ ಸಂಖ್ಯೆ ಇಳಿಯುತ್ತದೆ. ಕಾರ್ಬಾಕ್ಸಿಲ್ ಬಾಲದ 811ಕ್ಕೆ ಅಂಟಿದಾಗ 4.1ಎನ್ ಎಂಬ ಕೋಶದ ಅಸ್ಥಿಪಂಜರದ ಪ್ರೋಟೀನಿನ ಜೊತೆಗಿನ ನಂಟು ಸಡಿಲಗೊಳ್ಳುತ್ತದೆ. ಉತ್ತೇಜಕ ಬಂದಾಗ ಗ್ರಾಹಕ ಒಳಗೆ ಸರಿಯುತ್ತದೆ. ಈ ತಾಣಕ್ಕೆ ಕೊಬ್ಬು ಸೇರದಂತೆ ಮಾಡಿದ ಗ್ರಾಹಕ ಪೊರೆಯ ಮೇಲೆ ನಿಲ್ಲುತ್ತದೆ. ಕೈನೇಟ್ ಗ್ರಾಹಕದಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಪಾಲ್ಮಿಟಾಯ್ಲೀಕರಣವು 4.1ಎನ್ ನಂಟನ್ನು ಬಲಪಡಿಸುತ್ತದೆ ಎಂದು 2013ರಲ್ಲಿ ಕಾಪಿಟ್ಸ್ ಮತ್ತು ಸ್ವಾನ್ಸನ್ ವರದಿ ಮಾಡಿದರು.

ಎನ್‌ಎಂಡಿಎ ಗ್ರಾಹಕದ ಗ್ಲೂಎನ್2ಎ ಮತ್ತು ಗ್ಲೂಎನ್2ಬಿ ಉಪಘಟಕಗಳಲ್ಲಿ ಸಿಸ್ಟೀನುಗಳ ಎರಡು ಗೊಂಚಲುಗಳಿವೆ (2009). ಪೊರೆಗೆ ಹತ್ತಿರದ ಗೊಂಚಲು ಟೈರೊಸೀನ್ ಫಾಸ್ಫಾರಿಲೀಕರಣವನ್ನು ಹೆಚ್ಚಿಸಿ ಗ್ರಾಹಕವನ್ನು ಪೊರೆಯ ಮೇಲೆ ಉಳಿಸುತ್ತದೆ. ಬಾಲದ ನಡುವಿನದು ಅದನ್ನು ಗಾಲ್ಗಿಯಲ್ಲಿ ತಡೆಯುತ್ತದೆ.

ಗ್ರಾಹಕವನ್ನು ಹಿಡಿದಿಡುವ ಪಿಎಸ್‌ಡಿ-95 ಕೂಡ 3 ಮತ್ತು 5ನೇ ಸಿಸ್ಟೀನುಗಳಲ್ಲಿ ಪಾಲ್ಮಿಟೇಟನ್ನು ಹೊತ್ತಿರುತ್ತದೆ. ಬೆಳೆಸಿದ ನರಕೋಶಗಳಲ್ಲಿ ಗ್ಲುಟಮೇಟಿನಿಂದ ಉತ್ತೇಜನವಾದಾಗ ಆ ಕೊಬ್ಬು ಕಳಚುತ್ತದೆ, ಪಿಎಸ್‌ಡಿ-95 ಚದುರುತ್ತದೆ, ನರಸಂಧಿಯಲ್ಲಿ ಆಂಪಾ ಗ್ರಾಹಕಗಳು ಕಡಿಮೆಯಾಗುತ್ತವೆ. ಇದು 2002ರಲ್ಲಿ ಪ್ರಕಟವಾದ ಎಲ್-ಹುಸೇನಿ ತಂಡದ ಕೆಲಸ.

ಗಾಬಾ-ಎ ಗ್ರಾಹಕ

ಪ್ರತಿಬಂಧಕ ಗ್ರಾಹಕಗಳಲ್ಲಿ ಚೆನ್ನಾಗಿ ತಿಳಿದಿರುವುದು ಗಾಬಾ-ಎ ಗ್ರಾಹಕದ ಗಾಮಾ-2 ಉಪಘಟಕ. ಅದರ ಒಳಕುಣಿಕೆಯ ಸಿಸ್ಟೀನುಗಳಿಗೆ ಗಾಡ್ಜ್ ಕಿಣ್ವ ಪಾಲ್ಮಿಟೇಟ್ ಅಂಟಿಸುತ್ತದೆ. 2004ರಲ್ಲಿ ಬೆಳೆಸಿದ ಕೋಶಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಈ ಕೊಬ್ಬಿಲ್ಲದಿದ್ದರೆ ಗ್ರಾಹಕ ನರಸಂಧಿಯಲ್ಲಿ ಗುಂಪುಗೂಡುವುದೂ ಪೊರೆಯ ಮೇಲೆ ಸ್ಥಿರವಾಗಿ ನಿಲ್ಲುವುದೂ ಕುಂದುತ್ತದೆ. ಗಾಡ್ಜ್ ಕಿಣ್ವ ಆಂಪಾ ಗ್ರಾಹಕವನ್ನು ಗಾಲ್ಗಿಯಲ್ಲಿ ತಡೆಯುತ್ತದೆ, ಗಾಬಾ ಗ್ರಾಹಕವನ್ನು ನರಸಂಧಿಗೆ ಕಳಿಸಲು ನೆರವಾಗುತ್ತದೆ.

ರೋಗಗಳೊಂದಿಗಿನ ಸಂಬಂಧ

ಕೊಬ್ಬು ಬಿಡಿಸುವ ಪಿಪಿಟಿ1 ಕಿಣ್ವದ ಜೀನಿನ ದೋಷದಿಂದ ಶಿಶುಗಳಲ್ಲಿ ನರಕೋಶಗಳು ನಶಿಸುವ ಸಿಎಲ್‌ಎನ್1 ರೋಗ ಬರುತ್ತದೆ. ಇದನ್ನು 1995ರಲ್ಲಿ ಗುರುತಿಸಲಾಯಿತು. ಕೊಬ್ಬು ಅಂಟಿಸುವ ಡಿಎಚ್‌ಎಚ್‌ಸಿ9ರ ಜೀನ್ ದೋಷ ಎಕ್ಸ್ ವರ್ಣತಂತು ಸಂಬಂಧಿ ಬೌದ್ಧಿಕ ನ್ಯೂನತೆಗೆ ಕಾರಣ. ಇವೆರಡರಲ್ಲೂ ಅನೇಕ ಪ್ರೋಟೀನುಗಳು ಒಟ್ಟಿಗೆ ಬಾಧಿತವಾಗುವುದರಿಂದ ಇಂಥದೇ ಗ್ರಾಹಕದ ದೋಷವೆಂದು ಬೊಟ್ಟು ಮಾಡುವುದು ಸರಿಯಲ್ಲ. ಒಂದೇ ಗ್ರಾಹಕಕ್ಕೆ ನೇರವಾಗಿ ಸಂಬಂಧಿಸಿದ ಸಾಕ್ಷ್ಯ 5-ಎಚ್‌ಟಿ1ಎ ಕುರಿತದ್ದು. ಡಿಎಚ್‌ಎಚ್‌ಸಿ21 ಅದಕ್ಕೆ ಮುಖ್ಯ ಕಿಣ್ವವೆಂದೂ, ಖಿನ್ನತೆಯ ಪ್ರಾಣಿ ಮಾದರಿಗಳಲ್ಲಿ ಮತ್ತು ಖಿನ್ನತೆಯಿದ್ದು ಆತ್ಮಹತ್ಯೆಯಿಂದ ಸತ್ತವರ ಮಿದುಳಿನ ಮುಂಭಾಗದ ಕಾರ್ಟೆಕ್ಸಿನಲ್ಲಿ ಈ ಗ್ರಾಹಕದ ಪಾಲ್ಮಿಟಾಯ್ಲೀಕರಣ ಕುಗ್ಗಿರುತ್ತದೆಂದೂ 2019ರಲ್ಲಿ ವರದಿಯಾಗಿದೆ.

ಇಂದಿನ ಸ್ಥಿತಿ

ಬಯೋಟಿನ್ ವಿನಿಮಯವನ್ನು ರಾಶಿ ವರ್ಣಪಟಲಶಾಸ್ತ್ರಕ್ಕೆ ಜೋಡಿಸಿ ಕೋಶವೊಂದರ ಪಾಲ್ಮಿಟಾಯ್ಲೀಕೃತ ಪ್ರೋಟೀನುಗಳನ್ನೆಲ್ಲ ಒಂದೇ ಸಲಕ್ಕೆ ಪಟ್ಟಿ ಮಾಡುವ ಕೆಲಸ 2006ರಲ್ಲಿ ಯೀಸ್ಟಿನಲ್ಲಿ, 2008ರಲ್ಲಿ ನರಕೋಶಗಳಲ್ಲಿ ನಡೆಯಿತು. ಇಂಥ ಫಲಿತಾಂಶಗಳನ್ನು ಸ್ವಿಸ್‌ಪಾಮ್ ಎಂಬ ಮುಕ್ತ ದತ್ತಾಂಶ ಭಂಡಾರ ಕಲೆಹಾಕುತ್ತಿದೆ. ಕೋಶಕೃಷಿಯಲ್ಲಿ ಗುರುತಿಸಿದ ತಾಣಗಳನ್ನು ಜೀವಂತ ಪ್ರಾಣಿಯಲ್ಲಿ ಪರೀಕ್ಷಿಸುವ ಹಂತವೂ ಬಂದಿದೆ. ಗ್ಲೂಎ1ರ 811ನೇ ಸಿಸ್ಟೀನನ್ನು ಸೆರೀನಿಗೆ ಬದಲಿಸಿದ ಇಲಿಗಳು ಸೆಳವಿಗೆ ಸುಲಭವಾಗಿ ಒಳಗಾಗುತ್ತವೆ ಎಂದು 2018ರಲ್ಲಿ ಪ್ರಕಟವಾಯಿತು.

ಸಾಧನಗಳಲ್ಲಿ ಹಿಂದುಳಿದಿರುವುದು ಕಿಣ್ವಗಳನ್ನು ತಡೆಯುವ ಪ್ರತಿಬಂಧಕಗಳು. ಕಾಲು ಶತಮಾನದಿಂದ ಪ್ರಯೋಗಾಲಯಗಳು ನೆಚ್ಚಿಕೊಂಡಿರುವ 2-ಬ್ರೋಮೊಪಾಲ್ಮಿಟೇಟ್ ಯಾವ ಒಂದು ಡಿಎಚ್‌ಎಚ್‌ಸಿ ಕಿಣ್ವಕ್ಕೂ ಸೀಮಿತವಲ್ಲ; ಕೊಬ್ಬಿನ ಚಯಾಪಚಯದ ಇತರ ಕಿಣ್ವಗಳನ್ನೂ ಅದು ಕೆಡಿಸುತ್ತದೆ. ಅದೊಂದನ್ನೇ ಆಧರಿಸಿದ ತೀರ್ಮಾನಗಳನ್ನು ಸಿಸ್ಟೀನ್ ಉತ್ಪರಿವರ್ತನೆಯಿಂದಲೂ, ಸಂಬಂಧಿಸಿದ ಕಿಣ್ವದ ಜೀನನ್ನು ಮೌನಗೊಳಿಸುವುದರಿಂದಲೂ ದೃಢಪಡಿಸಿಕೊಳ್ಳುವುದು ಈಗಿನ ಪದ್ಧತಿ. ಸಿಸ್ಟೀನನ್ನು ಬದಲಿಸುವಾಗಲೂ ಅದೇ ಗಂಧಕಕ್ಕೆ ಅಂಟಬಲ್ಲ ನೈಟ್ರಿಕ್ ಆಕ್ಸೈಡಿನ ತಾಣ ಜೊತೆಗೇ ಕಳೆದುಹೋಗುವುದರಿಂದ, ಕಂಡ ಪರಿಣಾಮ ಕೊಬ್ಬಿನದೇ ಎಂದು ತೋರಿಸಲು ಕಿಣ್ವದ ದಿಕ್ಕಿನ ಸಾಕ್ಷ್ಯವನ್ನೂ ಒದಗಿಸಬೇಕಾಗುತ್ತದೆ.